ಕೊಡಗಿನ ತೋಟಕ್ಕೆ ಹಳೇ ಲ್ಯಾಂಡ್ ರೋವರ್: ಮುಂಗಡ ಕೊಡುವ ಮುಂಚೆ ಚಾಸಿ ನೋಡಿ

ಹಳೇ ಲ್ಯಾಂಡ್ ರೋವರ್ ನೋಡಲು ಹೋದವರು ಬಾಡಿ ನೋಡಿ ಮರುಳಾಗುತ್ತಾರೆ. ಹೊರ ತಗಡು ಅಲ್ಯೂಮಿನಿಯಂ, ಎಷ್ಟು ಮಳೆ ಕಂಡರೂ ಬಣ್ಣ ಹೊಡೆಸಿದರೆ ಹೊಸದರಂತೆ ಕಾಣುತ್ತದೆ. ಗಾಡಿಯ ಜೀವ ಇರುವುದು ಕೆಳಗಿನ ಉಕ್ಕಿನ ಚಾಸಿಯಲ್ಲಿ, ಅಂದರೆ ಇಡೀ ಗಾಡಿಯನ್ನು ಹೊತ್ತ ಚೌಕಟ್ಟಿನಲ್ಲಿ. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ತೋಟದ ಕೆಸರು ತುಳಿದ ಗಾಡಿಯಾದರೆ ಅದನ್ನು ತಟ್ಟಿ ನೋಡದೆ ದುಡ್ಡಿನ ಮಾತು ಆಡಲೇಬೇಡಿ.

ರೋವರ್ ಹಳೆಯ ಮನೆತನ. 1885ರಲ್ಲಿ ಈಗಿನ ಸೈಕಲ್ಲಿನ ಮಾದರಿಯ ಸೇಫ್ಟಿ ಸೈಕಲ್, 1904ರಲ್ಲಿ ಮೊದಲ ಕಾರು, 1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಲ್ಯಾಂಡ್ ರೋವರ್. ಯುದ್ಧ ಮುಗಿದ ಹೊಸತರಲ್ಲಿ ಬ್ರಿಟನ್ನಿನಲ್ಲಿ ಉಕ್ಕಿಗೆ ಬರ, ಅದಕ್ಕೇ ಬಾಡಿ ಅಲ್ಯೂಮಿನಿಯಂ ಆಯಿತು. ಇಲ್ಲಿ ಹೇಳುತ್ತಿರುವುದು 1958ರ ಸೀರೀಸ್ 2 ಮತ್ತು 1961ರ ಸೀರೀಸ್ 2ಎ ಬಗ್ಗೆ: 88 ಇಂಚಿನ ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ), 2286 ಸಿಸಿ ಪೆಟ್ರೋಲ್ ಎಂಜಿನ್. ತೋಟದ ಕಿರಿದಾದ ತಿರುವುಗಳಿಗೆ 109 ಇಂಚಿನದಕ್ಕಿಂತ ಇದೇ ಸರಿ.

ನೋಡಲು ಹೋಗುವಾಗ ಒಂದು ಸಣ್ಣ ಸುತ್ತಿಗೆ, ಟಾರ್ಚು, ಹಳೇ ಸ್ಕ್ರೂಡ್ರೈವರ್ ಒಯ್ಯಿರಿ. ಚಾಸಿಯ ಪೆಟ್ಟಿಗೆ ಆಕಾರದ ಉಕ್ಕು ಸುಮಾರು 2 ಮಿಲಿಮೀಟರ್ ದಪ್ಪ ಅಷ್ಟೇ. ಕೆಸರು ಒಳಗೆ ಸೇರಿ ಒಣಗದೆ ಕೂತರೆ ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತದೆ. ಗಟ್ಟಿ ಉಕ್ಕು ತಟ್ಟಿದರೆ ಠಣ್ ಎನ್ನುತ್ತದೆ, ತಿಂದುಹೋದದ್ದು ದಬ್ ಎನ್ನುತ್ತದೆ. ಮೊದಲು ಹಿಂದಿನ ಕ್ರಾಸ್‌ಮೆಂಬರ್, ಅಂದರೆ ಚಾಸಿಯ ಅಡ್ಡಪಟ್ಟಿ, ಆಮೇಲೆ ಪಕ್ಕಕ್ಕೆ ಚಾಚಿದ ಔಟ್‌ರಿಗರ್‌ಗಳು, ಸ್ಪ್ರಿಂಗ್ ಪಟ್ಟಿ ಕೂರುವ ಬ್ರಾಕೆಟ್‌ಗಳು, ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗದ ಮೂಲೆ. ತ್ಯಾಪೆಯ ಮೇಲೆ ತ್ಯಾಪೆ ಬೆಸುಗೆ ಹಾಕಿದ್ದರೆ ಅಡಿಯಲ್ಲಿ ಒಳ್ಳೆಯ ಲೋಹ ಉಳಿದಿಲ್ಲ ಎಂದೇ ಲೆಕ್ಕ. ಈಗಷ್ಟೇ ಕಪ್ಪು ಅಂಡರ್‌ಕೋಟ್ ಬಳಿದಿದ್ದರೆ ಇನ್ನೂ ಹೆಚ್ಚು ಅನುಮಾನಪಡಿ. ಒಳ್ಳೆಯ ಚಾಸಿಯನ್ನು ಮುಚ್ಚಿಡಬೇಕಾದ ಅಗತ್ಯ ಯಾರಿಗೂ ಇಲ್ಲ. ಎಂಜಿನ್ ಮತ್ತು ಸೀಟಿನ ನಡುವಿನ ಅಡ್ಡಗೋಡೆ, ಬಲ್ಕ್‌ಹೆಡ್ ಕೂಡ ಉಕ್ಕಿನದೇ. ಕಾಲಿಡುವ ಜಾಗದ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಬಾಗಿಲ ಕೆಳಗಂಚಿನಲ್ಲಿ ಬಿಳಿ ಪುಡಿ ಕಂಡರೆ ಉಕ್ಕಿನ ಚೌಕಟ್ಟು ತಾಗುವ ಕಡೆ ಅಲ್ಯೂಮಿನಿಯಂ ಸವೆಯುತ್ತಿದೆ ಎಂದರ್ಥ. ಎರಡು ಲೋಹಗಳ ನಡುವೆ ಮಳೆನೀರು ನಿಂತರೆ ಹಾಗಾಗುತ್ತದೆ.

ನಮ್ಮ ಏರಿಳಿತದ ದಾರಿಗಳಿಗೆ ಎರಡನೇ ಮುಖ್ಯ ವಿಷಯ ಹ್ಯಾಂಡ್ ಬ್ರೇಕ್. ಅದು ಚಕ್ರಗಳನ್ನು ಹಿಡಿಯುವುದಿಲ್ಲ, ಎಂಜಿನ್ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಬಾಕ್ಸ್ ಹಿಂದಿನ ಒಂದೇ ಡ್ರಮ್ಮನ್ನು ಹಿಡಿಯುತ್ತದೆ. ಅಲ್ಲಿನ ಆಯಿಲ್ ಸೀಲ್ ಸವೆದರೆ ಗೇರ್ ಆಯಿಲ್ ಡ್ರಮ್ಮಿನೊಳಗಿನ ಬ್ರೇಕ್ ಶೂಗಳ ಮೇಲೆ ಇಳಿಯುತ್ತದೆ. ಆಗ ಲಿವರ್ ಎಷ್ಟು ಎಳೆದರೂ ಗಾಡಿ ನಿಲ್ಲದು. ಬರೀ ಶೂ ಬದಲಿಸಿದರೆ ಮತ್ತೆ ಅದೇ ಕತೆ, ಮೊದಲು ಸೀಲ್ ಹಾಕಿಸಿ. ಪರೀಕ್ಷೆ ಸುಲಭ: ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ, ಚಕ್ರದಿಂದ ಸ್ವಲ್ಪ ಅಂತರದಲ್ಲಿ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಫೂಟ್ ಬ್ರೇಕ್ ಬಿಡಿ. ಡ್ರಮ್ ಹಿಡಿದರೂ ಗಾಡಿ ಒಂದು ಚೂರು ಅಲುಗಾಡಿ ನಿಲ್ಲುವುದು ಸಹಜ.

ಗೇರಿನಲ್ಲಿ ಮೂರು, ನಾಲ್ಕಕ್ಕೆ ಮಾತ್ರ ಸಿಂಕ್ರೋ (ಹಲ್ಲು ಕಿರುಗುಟ್ಟದೆ ಗೇರ್ ಬೀಳುವಂತೆ ವೇಗ ಹೊಂದಿಸುವ ಭಾಗ) ಇದೆ. ಏರಿನಲ್ಲಿ ಎರಡಕ್ಕೆ ಇಳಿಸುವಾಗ ಡಬಲ್ ಕ್ಲಚ್ ಮಾಡಲೇಬೇಕು, ಅಂದರೆ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು, ಎಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. ಹಳದಿ ಗುಬುಟಿನ ಲಿವರ್ ಒತ್ತಿದರೆ ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಬಲ. ಕೆಂಪು ಗುಬುಟಿನದನ್ನು ಗಾಡಿ ನಿಲ್ಲಿಸಿ ಹಿಂದಕ್ಕೆ ಎಳೆದರೆ ಲೋ ರೇಂಜ್, ವೇಗ ಕಡಿಮೆ, ಎಳೆತ ಹೆಚ್ಚು. ಮುಂದಿನ-ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮಧ್ಯದಲ್ಲಿ ಇಲ್ಲದ ಕಾರಣ ಒಣ ಡಾಂಬರಿನಲ್ಲಿ ಫೋರ್ ವೀಲ್ ಹಾಕಿ ಓಡಿಸಬಾರದು, ಜಾಯಿಂಟುಗಳ ಮೇಲೆ ಒತ್ತಡ ಬೀಳುತ್ತದೆ. ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಸರಳು, ಹಾಫ್ ಶಾಫ್ಟ್, ಮುರಿಯುವುದು ಈ ಗಾಡಿಯ ಹಳೇ ಕಾಯಿಲೆ. ಆಗ ಹಳದಿ ಲಿವರ್ ಒತ್ತಿದರೆ ಮುಂದಿನ ಚಕ್ರಗಳ ಬಲದಲ್ಲೇ ಮನೆ ಸೇರಬಹುದು. ಹಬ್‌ನ ಆರು ಬೋಲ್ಟ್ ಬಿಚ್ಚಿದರೆ ಶಾಫ್ಟ್ ಹೊರಬರುತ್ತದೆ, ಒಳಗೆ ಉಳಿದ ತುಂಡನ್ನು ಮಾತ್ರ ಮರೆಯದೆ ತೆಗೆಯಬೇಕು.

ಮುಂದಿನ ಚಕ್ರಗಳ ಹಿಂದಿರುವ, ಚಕ್ರ ತಿರುಗಲು ಆಧಾರವಾದ ಗುಂಡು, ಸ್ವಿವೆಲ್ ಬಾಲ್‌ನ ಕ್ರೋಮ್ ಮೇಲೆ ಗುಳಿ ಬಿದ್ದಿದ್ದರೆ ಹೊಸ ಸೀಲ್ ಹಾಕಿದರೂ ಆಯಿಲ್ ನಿಲ್ಲದು. ಪ್ರತಿ ಬದಿಗೆ ಅರ್ಧ ಲೀಟರ್ ಇಪಿ 90 ಗೇರ್ ಆಯಿಲ್ ಇರಬೇಕು. ಸ್ಟಿಯರಿಂಗ್ ಬಿಗಿಯಾಗಿ, ಬಿಟ್ಟರೆ ತಾನಾಗಿ ನೇರಕ್ಕೆ ಬರದಿದ್ದರೆ ಮುಂದಿನ ಕ್ರಾಸ್‌ಮೆಂಬರ್ ಒಳಗಿನ ರಿಲೇ (ಸ್ಟಿಯರಿಂಗ್ ಚಲನೆಯನ್ನು ಚಕ್ರಗಳ ಕಡೆ ದಾಟಿಸುವ ಭಾಗ) ಆಯಿಲ್ ಇಲ್ಲದೆ ಒಣಗಿರಬಹುದು. ಅದನ್ನು ಬಿಚ್ಚುವಾಗ ಎಚ್ಚರ, ಒಳಗೆ ಅದುಮಿಟ್ಟ ಸ್ಪ್ರಿಂಗ್ ಇದೆ. ಚಿಮ್ಮಿದರೆ ಮೂಳೆ ಮುರಿಯುವಷ್ಟು ಬಲ.

ಎಂಜಿನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಬಹಳ ಗಟ್ಟಿ. ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ತೆರೆಯುವ ಭಾಗಗಳ ನಡುವಿನ ಸಂದು, 0.010 ಇಂಚು. ಜೀನಿತ್ ಕಾರ್ಬುರೇಟರ್ ಇದ್ದು ಐಡಲ್ ನಿಲ್ಲದಿದ್ದರೆ ಮೇಲಿನ ಮುಚ್ಚಳ ಸೊಟ್ಟಗಾಗಿರುತ್ತದೆ. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಸಮವಾಗಿ ಉಜ್ಜಿದರೆ ಸರಿಹೋಗುತ್ತದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಂ ತಾಳುವುದಿಲ್ಲ, ಎಲ್ಲ ಬದಲಿಸಿ. ಲೀಟರಿಗೆ ಐದಾರು ಕಿಲೋಮೀಟರ್ ಕೊಟ್ಟರೆ ಸಂತೋಷಪಡಿ. ದಿನಾ ಮೈಸೂರಿಗೆ ಓಡಾಡುವವರಿಗೆ ಇದು ಬೇಡ. ಆದರೆ ಕೆಂಪು ಲಿವರ್ ಎಳೆದು, ಮೊದಲ ಗೇರಿನಲ್ಲಿ, ಒದ್ದೆ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಇಳಿಯುವ ಅದರ ನೆಮ್ಮದಿಯನ್ನು ಇವತ್ತಿನ ಗಾಡಿಗಳಲ್ಲಿ ನಾವು ಕಂಡಿಲ್ಲ.

ಕೊನೆಗೆ ಕಾಗದಪತ್ರ. ಆರ್‌ಸಿಯ ಚಾಸಿ ನಂಬರನ್ನು ಮುಂದಿನ ಬಲಗಡೆ ಸ್ಪ್ರಿಂಗ್ ಹಿಡಿಕೆಯ ಬಳಿ ಕೊರೆದಿರುವ ನಂಬರಿನೊಂದಿಗೆ ಹೋಲಿಸಿ. ತೋಟದ ಕೆಲಸಕ್ಕೆ ಬೇಕಾದರೆ ಐದು ವರ್ಷಕ್ಕೊಮ್ಮೆ ನವೀಕರಿಸುವ ಮಾಮೂಲಿ ಆರ್‌ಸಿಯೇ ಬೇಕು. 2021ರ ನಿಯಮದ ವಿಂಟೇಜ್ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಆದರೆ ಅದರಲ್ಲಿ ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಚಾಸಿ, ಬಾಡಿ, ಎಂಜಿನ್ ಬದಲಾಯಿಸಿದ ಗಾಡಿಗೆ ಅದು ಸಿಗುವುದೂ ಇಲ್ಲ. ಡೀಸೆಲ್ ಎಂಜಿನ್ ಕೂರಿಸಿದ ಗಾಡಿಯಾದರೆ ಆರ್‌ಸಿಯಲ್ಲಿ ಇಂಧನ ಮತ್ತು ಎಂಜಿನ್ ನಂಬರ್ ತಿದ್ದಿಸಿದ್ದಾರೆಯೇ ನೋಡಿ. ತಿದ್ದಿಸದಿದ್ದರೆ ಮಾರುವವರ ಹೆಸರಿನಲ್ಲೇ ಅದು ಮುಗಿಯಲಿ, ಆಮೇಲೆ ದುಡ್ಡು ಕೊಡಿ.