ಹುಬ್ಬಳ್ಳಿ ಬಸ್ಸೋ, ಗುಡ್ಡದ ಮೇಲಿನ ಓಮ್ನಿಯೋ?

ಗಾಬರಿಗೆ ಕೊಟ್ಟ ಮಾತ್ರೆ ಎರಡು ಸಲ ಶುರು ಮಾಡಿ, ಎರಡು ಸಲವೂ ಅರ್ಧಕ್ಕೇ ಬಿಟ್ಟವಳು ನಾನು. ಮೂರನೇ ಸಲ ಬಿಡಲಿಲ್ಲ. ಮಾತ್ರೆ ಅದೇ, ಡೋಸೂ ಅದೇ. ಬದಲಾಗಿದ್ದು ಡಾಕ್ಟರನ್ನು ನೋಡುವ ರೀತಿ ಮಾತ್ರ. ಆನ್‌ಲೈನ್ ಒಳ್ಳೇದಾ, ಆಸ್ಪತ್ರೆಗೇ ಹೋಗಬೇಕಾ ಅಂತ ಇಬ್ಬರು ಗೆಳತಿಯರು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಉತ್ತರ ಕನ್ನಡದ ಘಟ್ಟದ ಮೇಲಿನ ಹಳ್ಳಿ. ಅಡಿಕೆ ತೋಟ, ಎರಡು ಎಮ್ಮೆ. ಮನೆಯಲ್ಲಿ ಅತ್ತೆ, ನಮ್ಮನೆಯವರು, ಹತ್ತನೇ ಕ್ಲಾಸಿನ ಮಗಳು. ನನಗೆ ಇದ್ದಕ್ಕಿದ್ದಂತೆ ಎದೆ ಡವಡವ ಅನ್ನುವುದು, ಕೈ ಬೆವರುವುದು, ರಾತ್ರಿ ಮೂರಕ್ಕೆ ಎಚ್ಚರವಾಗಿ ಬೆಳಗಿನ ತನಕ ಮಾಡು ನೋಡುತ್ತಾ ಮಲಗುವುದು. ಎರಡು ಸಲ ಇಸಿಜಿ ಮಾಡಿಸಿದೆವು, ಏನೂ ಬರಲಿಲ್ಲ. ಕೊನೆಗೆ ಪೇಟೆಯ ಡಾಕ್ಟರೇ ಹೇಳಿದರು, "ಇದು ಎದೆಯದ್ದಲ್ಲ, ಸೈಕಿಯಾಟ್ರಿಸ್ಟ್ ಹತ್ತಿರ ಹೋಗಿ" ಅಂತ.

ಮೊದಲು ಹೋಗಿದ್ದು ಹುಬ್ಬಳ್ಳಿಯ ಒಂದು ಖಾಸಗಿ ಕ್ಲಿನಿಕ್ಕಿಗೆ. ಬಸ್ಸಿನಲ್ಲಿ ಮೂರೂವರೆ ತಾಸು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೆ ಟಿಕೆಟ್ ದುಡ್ಡಿಲ್ಲ, ಸರಿ. ಆದರೆ ದಿನ ಹೋಗುತ್ತದಲ್ಲ! ಬೆಳಗಿನ ಹಾಲು ಕರೆದು, ಮಧ್ಯಾಹ್ನಕ್ಕೂ ಅಡುಗೆ ಮಾಡಿಟ್ಟು ಏಳರ ಬಸ್ಸು ಹತ್ತಿದರೆ ವಾಪಸ್ ಬರುವಾಗ ದೀಪ ಹಚ್ಚುವ ಹೊತ್ತು ದಾಟಿರುತ್ತಿತ್ತು.

ಮೇಡಂ ಒಳ್ಳೆಯವರು. ಮುಕ್ಕಾಲು ತಾಸು ಮಾತಾಡಿಸಿದರು. ಕುತ್ತಿಗೆ ಮುಟ್ಟಿ ನೋಡಿದರು, ಥೈರಾಯ್ಡ್ ಟೆಸ್ಟ್ ಬರೆದರು. ಥೈರಾಯ್ಡ್ ಹೆಚ್ಚಾದರೂ ಹೀಗೇ ಎದೆ ಹೊಡೆದುಕೊಳ್ಳುತ್ತದಂತೆ. ನಾನು ಮಾತಾಡುವಾಗ ಮೇಜಿನ ಕೆಳಗೆ ನನ್ನ ಕಾಲು ಒಂದೇ ಸಮನೆ ಅಲುಗುತ್ತಿತ್ತು. ನನಗೇ ಗೊತ್ತಿರಲಿಲ್ಲ, ಅವರು ಅದನ್ನೂ ನೋಡಿದ್ದರು. ಸ್ಕ್ರೀನಿನಲ್ಲಿ ಕಾಣುವುದು ಮುಖ ಮಾತ್ರ, ಕಾಲು ಕಾಣುವುದಿಲ್ಲ. ಹಾಗಾಗಿ ಮೊದಲ ಭೇಟಿಯ ಮಟ್ಟಿಗೆ ನನ್ನ ಓಟು ಈಗಲೂ ಎದುರಾ ಎದುರಿಗೇ.

ತೊಂದರೆ ಶುರುವಾಗಿದ್ದು ಮನೆಗೆ ಬಂದ ಮೇಲೆ. ಗಾಬರಿಗೆ ಎಸ್ಸಿಟಲೋಪ್ರಾಮ್ ಅನ್ನುವ ಮಾತ್ರೆ ಕೊಟ್ಟಿದ್ದರು, ಮೊದಲು 5 ಮಿಲಿಗ್ರಾಂ, ಆಮೇಲೆ 10. ಈ ಜಾತಿಯ ಮಾತ್ರೆಗಳು ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಆದರೆ ಅಡ್ಡಪರಿಣಾಮ ಮೊದಲ ವಾರದಲ್ಲೇ ಹಾಜರ್! ಹೊಟ್ಟೆ ತೊಳಸುವುದು, ತಲೆ ಭಾರ. ಕೆಲವರಿಗೆ ಗಾಬರಿಯೂ ಮೊದಲು ಸ್ವಲ್ಪ ಹೆಚ್ಚೇ ಆಗುತ್ತದೆ, ನನಗೂ ಆಯಿತು. ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಕೌಂಟರಿನ ಹುಡುಗಿ "ಮೇಡಂ ಬಿಜಿ ಅದಾರ್ರಿ, ಬಂದು ತೋರಿಸ್ರಿ" ಅಂದಳು. ಮುಂದಿನ ತಾರೀಕು ಇನ್ನೂ ಮೂರು ವಾರ ದೂರ. ಒಂಬತ್ತನೇ ದಿನ ಮಾತ್ರೆಯ ಸ್ಟ್ರಿಪ್ಪನ್ನೇ ಬೇಳೆ ಡಬ್ಬಿಯ ಹಿಂದೆ ಹಾಕಿಬಿಟ್ಟೆ. ಹೇಳದೆ ಕೇಳದೆ ನಿಲ್ಲಿಸಬಾರದು ಅಂತ ಆಮೇಲೆ ಗೊತ್ತಾಯಿತು.

ಎರಡನೇ ಸಲ ತಾಲೂಕು ಆಸ್ಪತ್ರೆ. ಕರ್ನಾಟಕದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ. ಮನೋವೈದ್ಯರು ಮಂಗಳವಾರದ ದಿನ ತಾಲೂಕು ಆಸ್ಪತ್ರೆಗೇ ಬಂದು ನೋಡುತ್ತಾರೆ. ಮಾತ್ರೆಯೂ ಬಿಟ್ಟಿ. ಕೈಯಲ್ಲಿ ದುಡ್ಡಿಲ್ಲದವರು ಮೊದಲು ಇಲ್ಲಿಗೇ ಹೋಗಿ ಅಂತ ನಾನು ಧಾರಾಳವಾಗಿ ಹೇಳುತ್ತೇನೆ. ಆದರೆ ಮಂಗಳವಾರ ಆ ಬೆಂಚಿನ ಮೇಲೆ ಕೂತವರು ಯಾಕೆ ಕೂತಿದ್ದಾರೆ ಅಂತ ಇಡೀ ಪೇಟೆಗೆ ಗೊತ್ತು. ಸೊಸೈಟಿ ಗುಮಾಸ್ತರ ಹೆಂಡತಿ ಎದುರು ಬಂದಾಗ ನಾನು ಸೆರಗು ಎಳೆದುಕೊಂಡು ಗೋಡೆಯ ಮೇಲಿನ ಲಸಿಕೆ ಚಾರ್ಟು ಓದುತ್ತಾ ನಿಂತೆ. ಇದು ಆಸ್ಪತ್ರೆಯ ತಪ್ಪಲ್ಲ, ನಮ್ಮೂರಿನದ್ದು, ನನ್ನದೂ ಅನ್ನಿ. ಆಮೇಲೆ ಅಡಿಕೆಯ ಕೊನೆಕೊಯ್ಲು ಶುರುವಾಯಿತು. ಆಳುಗಳಿಗೆ ಅಡುಗೆ, ರಾತ್ರಿ ಅಡಿಕೆ ಸುಲಿಯುವುದು. ಎರಡು ಮಂಗಳವಾರ ತಪ್ಪಿತು, ಮಾತ್ರೆ ಮುಗಿಯಿತು.

ಆಗ ಮಗಳು ಮೊಬೈಲಿನಲ್ಲಿ ಒಂದು ಆಪ್ ಹಾಕಿಕೊಟ್ಟಳು. ರಾತ್ರಿ ಒಂಬತ್ತಕ್ಕೂ ಡಾಕ್ಟರು ಸಿಗುತ್ತಾರೆ, ಯಾರ ಕಣ್ಣಿಗೂ ಬೀಳಬೇಕಿಲ್ಲ. ಅಷ್ಟಕ್ಕೆ ಖುಷಿಯಾಯಿತು. ಆದರೆ ಅಲ್ಲಿ ಸಿಕ್ಕಿದವರಿಗೆ ಕನ್ನಡ ಬರುತ್ತಿರಲಿಲ್ಲ. "ಜೀವ ಝಲ್ ಅನ್ನುತ್ತೆ" ಅನ್ನೋದನ್ನ ಹಿಂದಿಯಲ್ಲಿ ಹೇಗೆ ಹೇಳಲಿ? ಸ್ಕ್ರೀನಿನ ಮೂಲೆಯಲ್ಲಿ 15 ನಿಮಿಷದ ಗಡಿಯಾರ ಬೇರೆ ಇಳಿಯುತ್ತಿತ್ತು. ಎರಡನೇ ಸಲ ಬೇರೆಯದೇ ಡಾಕ್ಟರು, ಮತ್ತೆ ಮೊದಲಿನಿಂದ ಕಥೆ. ಗಡಿಬಿಡಿಯಲ್ಲಿ ಥೈರಾಯ್ಡ್ ವಿಷಯವನ್ನೇ ಬಿಟ್ಟೆ, ಅವರೂ ಕೇಳಲಿಲ್ಲ. ನಾನು ನೋಡಿದ ದಾರಿಗಳಲ್ಲಿ ನನಗೆ ಹಿಡಿಸದೇ ಇದ್ದದ್ದು ಇದೊಂದೇ. ಆನ್‌ಲೈನ್ ಅಂದರೆ ಇಷ್ಟೇ ಅಂತ ಅಲ್ಲಿಗೇ ಕೈಬಿಡುವವಳಿದ್ದೆ.

ವಾಪಸ್ ಹುಬ್ಬಳ್ಳಿಗೇ ಹೋದೆ. ಮಾತ್ರೆ ಬಿಟ್ಟಿದ್ದನ್ನು ಒಪ್ಪಿಕೊಂಡೆ. ಮೇಡಂ ಬೈಯಲಿಲ್ಲ. "ಮತ್ತ ಶುರು ಮಾಡೋಣ. ಹತ್ತು ದಿನಕ್ಕ ವಿಡಿಯೋದಾಗ ಸಿಗ್ರಿ, ಇಷ್ಟು ದೂರ ಬರೂದು ಬ್ಯಾಡ" ಅಂದರು. ಕೊರೋನಾ ಕಾಲದಿಂದ ಅವರು ಹಳೇ ಪೇಷಂಟುಗಳಿಗೆ ವಿಡಿಯೋ ಇಟ್ಟುಕೊಂಡಿದ್ದಾರಂತೆ. ಮೊದಲ ಸಲ ಯಾರೂ ನನಗೆ ಇದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಮ್ಮ ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಜಗಲಿಯಲ್ಲಿ ಎರಡು ಕಡ್ಡಿ ಬರುತ್ತದೆ, ಆದರೆ ಜಗಲಿಯಲ್ಲಿ ಅತ್ತೆ ಇರುತ್ತಾರೆ. ಹಾಗಾಗಿ ಓಮ್ನಿ ತೆಗೆದುಕೊಂಡು ಗುಡ್ಡದ ತಿರುವಿಗೆ ಹೋಗಿ, ಗಾಜು ಏರಿಸಿ, ಫೋನನ್ನು ಸ್ಟೇರಿಂಗಿಗೆ ಒರಗಿಸಿ ಕೂತೆ. ಹತ್ತನೇ ದಿನ. ಹೊಟ್ಟೆ ತೊಳಸುತ್ತಿದೆ, ಗಾಬರಿ ಜಾಸ್ತಿಯಾಗಿದೆ, ಬಿಟ್ಟುಬಿಡಲಾ ಅಂತ ಕೇಳಿದೆ. "ಊಟಾದ ಮ್ಯಾಲೆ ತಗೋರಿ. ಇನ್ನ ಹತ್ತು ದಿನ ತಡಕೋರಿ, ತಾನ ಇಳೀತದ. ಡೋಸ್ ಈಗ ಏರಸೂದು ಬ್ಯಾಡ." ಏಳು ನಿಮಿಷ ಹಿಡಿಯಿತು. ಮೊದಲ ಸಲ ಈ ಏಳು ನಿಮಿಷ ಸಿಗದೇ ಮಾತ್ರೆ ಬೇಳೆ ಡಬ್ಬಿ ಸೇರಿತ್ತು.

ಆನ್‌ಲೈನಿನ ಲಾಭ ಅಂದರೆ ಬಸ್ಸು ತಪ್ಪುತ್ತದೆ, ಟೈಮು ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಎರಡನೇ ಮಾತು. ಈ ಮಾತ್ರೆಗಳಿಗೆ ಕಷ್ಟದ ಕಾಲ ಮೊದಲ ಮೂರು ವಾರ. ಡಾಕ್ಟರು ಬೇಕಾಗುವುದು ಆಗಲೇ. ಮೂರೂವರೆ ತಾಸು ದೂರ ಕೂತವರು ಆಗ ಕೈಗೆ ಸಿಗುವುದಿಲ್ಲ ಅಲ್ವಾ?

ಇನ್ನೊಂದು ಲಾಭ ನಾನು ಎಣಿಸಿಯೇ ಇರಲಿಲ್ಲ. ಕ್ಲಿನಿಕ್ಕಿನಲ್ಲಿ ನಮ್ಮನೆಯವರು ಪಕ್ಕದಲ್ಲೇ ಕೂರುತ್ತಿದ್ದರು. ಮೇಡಂ ನನ್ನನ್ನು ಕೇಳಿದರೆ ಇವರು ಉತ್ತರ ಕೊಡುತ್ತಿದ್ದರು, "ನಿದ್ದೆ ಪರವಾಗಿಲ್ಲ, ಊಟ ಮಾಡ್ತಾಳೆ" ಅಂತ. ಕಾರಿನಲ್ಲಿ ನಾನೊಬ್ಬಳೇ. ಎರಡನೇ ವಿಡಿಯೋದಲ್ಲಿ, ಬೆಳಗಾಗೋದೇ ಬೇಡ ಅನ್ನಿಸುತ್ತದೆ ಅಂತ ಬಾಯಿಬಿಟ್ಟೆ. ಯಾರಿಗೂ ಹೇಳಿರಲಿಲ್ಲ. ಮೇಡಂ ಮಾತು ನಿಲ್ಲಿಸಿ ನೇರವಾಗಿಯೇ ಕೇಳಿದರು: ಸಾಯುವ ಯೋಚನೆ ಬರುತ್ತದಾ, ಹೇಗೆ ಅಂತ ಯೋಚಿಸಿದ್ದೀರಾ, ಮನೆಯಲ್ಲಿ ಈಗ ಯಾರಿದ್ದಾರೆ? ಅಂಥದ್ದು ಇರಲಿಲ್ಲ, ಇಲ್ಲ ಅಂದೆ. ಆದರೂ ಬಿಡಲಿಲ್ಲ. "ನಾಳೆ ಬಸ್ ಹತ್ರಿ, ಯಜಮಾನ್ರನ್ನ ಕರ್ಕೊಂಡ ಬರ್ರಿ. ಇದು ಫೋನಿನ್ಯಾಗ ಮುಗಿಸೂ ಮಾತಲ್ಲ." ಮರುದಿನವೇ ಹೋದೆವು. ಅಂಥ ಯೋಚನೆ ಬಂದಾಗ, ಊಟ ನೀರು ಬಿಟ್ಟಾಗ, ಇಲ್ಲದ ದನಿ ಕೇಳಿಸಿದಾಗ ವಿಡಿಯೋ ಟೈಮಿಗೆ ಕಾಯಬಾರದು, ಹತ್ತಿರದ ಆಸ್ಪತ್ರೆಗೆ ಹೋಗಬೇಕು ಅಂತ ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು.

ರಾತ್ರಿಯ ಹೊತ್ತಿಗೆ ಇನ್ನೊಂದು ದಾರಿಯೂ ಇದೆ, ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಭಾಷೆ ಆರಿಸಿಕೊಳ್ಳಬಹುದು. ಒಂದು ರಾತ್ರಿ ಒಂದೂವರೆಗೆ ಬಚ್ಚಲ ಕಟ್ಟೆಯ ಮೇಲೆ ಕೂತು ಲ್ಯಾಂಡ್‌ಲೈನಿನ ಕಾರ್ಡ್‌ಲೆಸ್‌ನಿಂದ ಮಾಡಿದೆ. ಒಬ್ಬ ಹುಡುಗಿ ಶುದ್ಧ ಕನ್ನಡದಲ್ಲಿ ಮಾತಾಡಿದಳು, ನನ್ನ ಜೊತೆ ಉಸಿರು ಎಣಿಸಿದಳು. ಮೊದಲು ಸಿಗುವುದು ಆಪ್ತಸಮಾಲೋಚಕರು. ಬೇಕು ಅನ್ನಿಸಿದರೆ ಮೇಲಿನ ಡಾಕ್ಟರಿಗೆ ದಾಟಿಸುತ್ತಾರೆ. ನಿಮ್ಮ ಕಾಯಂ ಡಾಕ್ಟರಿನ ಜಾಗಕ್ಕೆ ಇದನ್ನು ಲೆಕ್ಕ ಹಾಕಬೇಡಿ. ಆದರೆ ಆ ರಾತ್ರಿ ಅದೇ ಬೇಕಿತ್ತು.

ಖರ್ಚಿನ ಮಾತೂ ಹೇಳಿಬಿಡುತ್ತೇನೆ. ಮೇಡಂ ಫೀಸು ಎದುರಿಗೆ ಹೋದರೂ 700, ವಿಡಿಯೋಗೂ 700. ಆಪಿನದ್ದು 600. ವಿಡಿಯೋದಲ್ಲಿ ಉಳಿತಾಯ ಆಗುವುದು ನಮ್ಮನೆಯವರ ಬಸ್ ಚಾರ್ಜು, ಹೋಟೆಲ್ ಊಟ, ಒಂದು ದಿನದ ಕೆಲಸ.

ಆನ್‌ಲೈನಿನ ತಾಪತ್ರಯಗಳೂ ಇವೆ. ಮಳೆಗಾಲದಲ್ಲಿ ಓಮ್ನಿಯ ತಗಡಿನ ಮೇಲೆ ಮಳೆ ಹೊಡೆದರೆ ನನ್ನ ದನಿ ನನಗೇ ಕೇಳುವುದಿಲ್ಲ. ಚಿತ್ರ ನಿಂತುಹೋದಾಗ ಬರೀ ಫೋನಿನಲ್ಲಿ ಮಾತಾಡಿದ್ದೂ ಇದೆ. ಹಳೇ ಪೇಷಂಟ್ ಆದ್ದರಿಂದ ನಡೆಯಿತು. ಎಲ್ಲ ಮಾತ್ರೆಯನ್ನೂ ಹೀಗೆ ಬರೆಯುವ ಹಾಗಿಲ್ಲ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ನಿಯಮದಲ್ಲಿ ಪಟ್ಟಿಗಳೇ ಇವೆ. ಅಲ್ಪ್ರಜೋಲಾಮ್‌ನಂಥ, ಗಾಬರಿಗೂ ನಿದ್ದೆಗೂ ಕೊಡುವ ಕೆಲವು ಮಾತ್ರೆಗಳಿಗೆ ಆನ್‌ಲೈನ್ ಚೀಟಿ ಕೂಡದು. ಅದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ನಿದ್ದೆ ಮಾತ್ರೆ ಅಷ್ಟು ಸಲೀಸಾಗಿ ಸಿಗುತ್ತಿದ್ದರೆ ನಾನೇ ಎಷ್ಟು ನುಂಗುತ್ತಿದ್ದೆನೋ!

ಮೆಡಿಕಲ್ ಶಾಪಿನವನದ್ದು ಬೇರೆಯೇ ಕಥೆ. ಮೊಬೈಲಿನ ಚೀಟಿ ತೋರಿಸಿದರೆ ಆಗಲ್ಲ ಅಂದ. ಈಗ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡೇ ಹೋಗುತ್ತೇನೆ. ಚೀಟಿಯಲ್ಲಿ ತಾರೀಕು, ಡಾಕ್ಟರ ರಿಜಿಸ್ಟ್ರೇಷನ್ ನಂಬರು, ಸಹಿ ಇದೆಯಾ ಅಂತ ನೋಡಿಕೊಳ್ಳಿ. ಝೆರಾಕ್ಸ್ ಹುಡುಗನಿಗೆ ವಾಟ್ಸಾಪಿನಲ್ಲಿ ಕಳಿಸಿದ ಫೈಲನ್ನು ಅಲ್ಲೇ ನಿಂತು ಅಳಿಸಿಸಿ. ಬೆಂಚಿನ ಮೇಲೆ ಕೂರುವುದು ತಪ್ಪಿಸಿಕೊಂಡು ಝೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿಬೀಳುವುದು ಯಾಕೆ?

ಈಗ ಹನ್ನೊಂದು ತಿಂಗಳಾಯಿತು. ಎರಡು ಸಲ ವಿಡಿಯೋ, ಮೂರನೆಯದು ಹುಬ್ಬಳ್ಳಿ, ಹೀಗೆ ನಡೆದಿದೆ. ಹುಬ್ಬಳ್ಳಿಯ ದಿನ ತೂಕ, ಬಿಪಿ ನೋಡುತ್ತಾರೆ, ಐದು ನಿಮಿಷ ನಮ್ಮನೆಯವರನ್ನು ಹೊರಗೆ ಕಳಿಸುತ್ತಾರೆ. ಇವರೂ ಈಗ ಹೇಳಿಸಿಕೊಳ್ಳದೆ ಎದ್ದು ಹೋಗುತ್ತಾರೆ. ಆಚೆ ಬಂದ ಮೇಲೆ ಇಬ್ಬರೂ ಗಿರ್ಮಿಟ್ ತಿಂದು ನಾಲ್ಕರ ಬಸ್ಸು ಹತ್ತುತ್ತೇವೆ. ಕಳೆದ ಗುರುವಾರದ ವಿಡಿಯೋ ಮುಗಿಸಿ ಓಮ್ನಿ ತಂದು ನಿಲ್ಲಿಸಿದಾಗ ಅತ್ತೆ ಜಗಲಿಯಿಂದಲೇ ಕೇಳಿದರು, "ಡಾಕ್ಟ್ರು ಎಂತ ಹೇಳಿದ್ರೇ?" ನಾನು ಎಲ್ಲಿಗೆ ಹೋಗುತ್ತೇನೆ ಅಂತ ಅವರಿಗೆ ಯಾವತ್ತಿನಿಂದ ಗೊತ್ತಿತ್ತೋ.