ಬಂಗಿಗೆ ಕ್ರೀಮಾ, ಪೀಲಾ, ಲೇಸರಾ?

ಸೋಮವಾರಪೇಟೆಯ ಅಕ್ಕ, ಮುಖದ ಮೇಲೆ ಏಳುವ ಕಂದು ಕಲೆಗೆ, ಅಂದರೆ ಬಂಗಿಗೆ (ಮೆಲಾಸ್ಮಾ), ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಕೋಣೆ ಕತ್ತಲು ಮಾಡಿ ಮುಖಕ್ಕೆ ವುಡ್ಸ್ ಲ್ಯಾಂಪ್ ಅನ್ನೋ ನೇರಳಾತೀತ ಬೆಳಕಿನ ದೀಪ ಹಿಡಿಯುತ್ತಾರೆ. ಕಲೆಯ ಅಂಚು ಎದ್ದು ಕಂಡರೆ ಸಾಮಾನ್ಯವಾಗಿ ಮೇಲ್ಪದರದ್ದು, ಬೇಗ ಬಗ್ಗುತ್ತದೆ. ಹಾಗೇ ಉಳಿದರೆ ಆಳದ್ದು, ಹಠಮಾರಿ.

ಖರ್ಚು ಕಡಿಮೆ ಇರೋದು ಕ್ರೀಮಿಗೆ. ಪೀಲ್ (ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಸುಲಿಯೋದು), ಲೇಸರ್ ಎರಡಕ್ಕೂ ಹಲವು ಸಲ ಹೋಗಬೇಕು. ಮೈಸೂರಿಗೆ ಹೋಗೋದಾದರೆ ಬಸ್ ಚಾರ್ಜು, ತೋಟದ ಒಂದು ದಿನದ ಕೆಲಸ ಎರಡೂ ಲೆಕ್ಕಕ್ಕೆ ಬರುತ್ತವೆ.

ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಅನ್ನೋ ಮೂರು ಔಷಧಿ ಸೇರಿದ ಕ್ರೀಮ್ 8ರಿಂದ 12 ವಾರದಲ್ಲಿ ಫಲ ತೋರಿಸುತ್ತದೆ. ಆದರೆ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದು ವರ್ಷಗಟ್ಟಲೆ ಹಚ್ಚುವವರಿದ್ದಾರಲ್ಲ, ಅವರ ಚರ್ಮ ತೆಳುವಾಗಿ, ಕೆಂಪಾಗಿ, ಬಿಸಿಲಿಗೆ ಉರಿಯುತ್ತದೆ. ಬಸುರಿಯರಿಗೆ ಇದು ಬೇಡವೇ ಬೇಡ.

ಕ್ರೀಮಿಗೆ ಅರ್ಧ ಬಗ್ಗಿ ನಿಂತ ಮೇಲ್ಪದರದ ಕಲೆಗೆ ಗ್ಲೈಕಾಲಿಕ್ ಪೀಲ್ ಜೊತೆಯಾಗಬಹುದು. ಕಾಫಿ ಕೊಯ್ಲಿನ ಬಿಸಿಲಲ್ಲಿ ನಿಲ್ಲುವವರು ಅದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳೋದು ವಾಸಿ.

ಲೇಸರ್ ಬಗ್ಗೆ ನನಗೆ ಅನುಮಾನ ಜಾಸ್ತಿ. ನಮ್ಮ ಕಂದು ಚರ್ಮಕ್ಕೆ ಬಿಸಿ ತಾಗಿ ಕಲೆ ಇನ್ನೂ ಕಪ್ಪಾಗಬಹುದು, ಮರಳಿಯೂ ಬರುತ್ತದೆ. ಉಳಿದದ್ದು ಕೆಲಸ ಮಾಡದಿದ್ದರೆ, ಪಳಗಿದ ಕೈ ಸಿಕ್ಕರೆ ಮಾತ್ರ ಯೋಚಿಸಿ.

ಯಾವುದನ್ನೇ ಆರಿಸಿದರೂ ಎಸ್‌ಪಿಎಫ್ 30ಕ್ಕಿಂತ ಕಡಿಮೆ ಇಲ್ಲದ ಸನ್‌ಸ್ಕ್ರೀನ್ ಬೇಕು. ಬಣ್ಣ ಬೆರೆತದ್ದಾದರೆ ಇನ್ನೂ ಒಳ್ಳೆಯದು. ಮಡಿಕೇರಿಯ ಮೋಡ ದಾಟಿಯೂ ಕಿರಣ ಬರುತ್ತದೆ, ಅಲ್ವಾ?