'ಟ್ರಿಪಿಂಗ್ ದ ರಿಫ್ಟ್' ಮತ್ತೆ ನೋಡಿದೆ

ಕಾಲೇಜಿನಲ್ಲಿದ್ದಾಗ ರೂಮ್‌ಮೇಟ್‌ನ ಲ್ಯಾಪ್‌ಟಾಪಿನಲ್ಲಿ, ಬಾಗಿಲಿಗೆ ಚಿಲಕ ಹಾಕಿ, ನಾಲ್ಕು ಜನ ಒಂದೇ ಮಂಚದ ಮೇಲೆ ಒತ್ತಿಕೊಂಡು ಕೂತು ನೋಡಿದ ಸೀರೀಸ್ ಇದು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಮೊನ್ನೆ ಒಬ್ಬನೇ ಕೂತು ಮೊದಲ ಸೀಸನ್ನಿನ 13 ಕಂತುಗಳನ್ನೂ ಮುಗಿಸಿದೆ. ಎಷ್ಟು ಸಲ ನಕ್ಕೆ ಅಂತ ಎಣಿಸೋಕೆ ಒಂದು ಕೈಯ ಬೆರಳು ಸಾಕಾಯ್ತು.

2004ರಲ್ಲಿ ಅಮೆರಿಕದ ಸೈ-ಫೈ ಚಾನೆಲ್‌ನಲ್ಲಿ ಶುರುವಾದ, ದೊಡ್ಡವರಿಗೆ ಅಂತಲೇ ಮಾಡಿದ ಕಂಪ್ಯೂಟರ್ ಆನಿಮೇಷನ್ ಇದು. ಅದಕ್ಕೂ ಮುಂಚೆ ಇಂಟರ್‌ನೆಟ್‌ನಲ್ಲಿ ಓಡಾಡಿದ ಕಿರುಚಿತ್ರವೇ ಇದರ ಮೂಲ. ಚೋಡ್ ಅನ್ನೋ ನೇರಳೆ ಮುದ್ದೆಯಂಥ ಕ್ಯಾಪ್ಟನ್, ಅವನ ಸೋಮಾರಿ ಅಣ್ತಮ್ಮಂದಿರಂಥ ಗ್ಯಾಂಗು, ಜುಪಿಟರ್ 42 ಅನ್ನೋ ಅಂತರಿಕ್ಷ ಹಡಗು. ಒಂದು ಕಡೆ ಸ್ಟಾರ್ ಟ್ರೆಕ್ ಸರಣಿಯನ್ನು ಅಣಕಿಸೋ ಕಾನ್ಫೆಡರೇಷನ್ ಅನ್ನೋ ಒಕ್ಕೂಟ, ಇನ್ನೊಂದು ಕಡೆ ಜೋಕರ್‌ಗಳ ಕರಾಳ ಸಾಮ್ರಾಜ್ಯ. ಅದರ ಒಡೆಯ ಡಾರ್ಫ್ ಬೋಬೋ 'ಸ್ಟಾರ್ ವಾರ್ಸ್' ಸಿನಿಮಾದ ಖಳ ಡಾರ್ತ್ ವೇಡರ್‌ನ ನಕಲು ಅಂತ ಹೆಸರೇ ಹೇಳುತ್ತೆ.

ಪೋಲಿತನ ಜಾಸ್ತಿ ಆಯ್ತು ಅಂತ ನನ್ನ ದೂರಲ್ಲ. ಪೋಲಿ ಜೋಕು ನನಗೆ ಈಗಲೂ ಇಷ್ಟವೇ. ಆದರೆ ಪೈಲಟ್ ಟಿನಕ್‌ಳನ್ನೇ (T'nuk) ನೋಡಿ. ನಾಲ್ಕು ಕಾಲು, ಮೂರು ಮೊಲೆ. ಅವಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಹಿಂದಿನಿಂದ ಓದಿದರೆ ಒಂದು ಬೈಗುಳ. ಅದು ಹೊಳೆದ ರಾತ್ರಿ ನಾವು ಅರ್ಧ ಗಂಟೆ ನಕ್ಕಿರಬೇಕು. ಈಗ ನೋಡಿದರೆ ಆ ಪಾತ್ರದಲ್ಲಿ ಅದನ್ನು ಬಿಟ್ಟು ಇನ್ನೇನೂ ಇಲ್ಲ. ಹೆಸರಿನ ಜೋಕು ಒಂದು ಸಲ ಮುಗಿದರೆ ಮುಗೀತು, ಅಲ್ವಾ? ಆಮೇಲೆ ಪ್ರತಿ ಕಂತಿನಲ್ಲೂ 'ಇವಳು ಕುರೂಪಿ, ಆದರೂ ಇವಳಿಗೆ ಆಸೆ ನೋಡು' ಅನ್ನೋದೇ.

ಚಿತ್ರದ ಮಾತಂತೂ ಬೇಡ. ಚರ್ಮ ಎಲ್ಲ ಪ್ಲಾಸ್ಟಿಕ್ ಬಕೆಟ್ ತರ ಹೊಳೆಯುತ್ತೆ, ನಡೆದರೆ ಪಾದ ನೆಲಕ್ಕೆ ತಾಗಿದ ಹಾಗೇ ಅನ್ನಿಸೋಲ್ಲ. ಅದಕ್ಕಿಂತ ಐದು ವರ್ಷ ಮುಂಚೆ, 1999ರಲ್ಲಿ ಬಂದ ಫ್ಯೂಚರಾಮ ಅನ್ನೋ ಕಾರ್ಟೂನ್ ಸೀರೀಸ್ ಇವತ್ತಿಗೂ ಕಣ್ಣಿಗೆ ಹಳೇದು ಅನ್ನಿಸದು.

ಆದರೂ ಪೂರ್ತಿ ಬಿಸಾಕೋ ಮಾಲಲ್ಲ. ಹಡಗಿನ ಮಿದುಳು ಬಾಬ್ ಇದ್ದಾನಲ್ಲ, ಅವನಿಗೆ ಬಯಲು ಕಂಡರೆ ಭಯ! ಅಂತರಿಕ್ಷ ನೌಕೆಗೆ ಬಯಲಿನ ಭಯ. ಇದರಲ್ಲಿ ಒಂದು ಕೆಟ್ಟ ಮಾತಿಲ್ಲ, ಇಪ್ಪತ್ತು ವರ್ಷ ಆದ ಮೇಲೂ ನಾನು ಫಕ್ಕನೆ ನಕ್ಕಿದ್ದು ಇದಕ್ಕೇ. ರೋಬೋ ಗಸ್‌ಗೆ ಬರೆದ ಸಾಲುಗಳು ಹಳಸಿವೆ, ಅವನು ಗೇ ಇರಬಹುದಾ ಅನ್ನೋದೇ ಮೂರಕ್ಕೆ ಎರಡು ಜೋಕು. ಆದರೆ ದನಿ ಕೊಟ್ಟ ಮಾರಿಸ್ ಲಮಾರ್ಶ್ ಒಂದು ನಿಟ್ಟುಸಿರಲ್ಲೇ ಕೆಲಸ ಮುಗಿಸುತ್ತಾನೆ. ಫ್ಯೂಚರಾಮದಲ್ಲಿ ಮಾತುಮಾತಿಗೂ ನಿಟ್ಟುಸಿರು ಬಿಡೋ ಕಿಫ್‌ನ ದನಿ ಕೂಡ ಇವನದೇ. ನಿಟ್ಟುಸಿರಲ್ಲಿ ಪಳಗಿದ ಆಸಾಮಿ.

ಕಾಡಿದ್ದು ಸಿಕ್ಸ್. ಗಂಡಸರ ಸುಖಕ್ಕೆ ಅಂತಲೇ ತಯಾರಾದ ಆಂಡ್ರಾಯ್ಡ್, ಅಂದರೆ ಮನುಷ್ಯರ ಹಾಗೇ ಕಾಣೋ ರೋಬೋ. ಆದರೆ ಆ ಹಡಗಿನಲ್ಲಿ ಬುದ್ಧಿ ಅಂತ ಇರೋದು ಅವಳಿಗೇ. ಯಂತ್ರದ ಜೊತೆ ದಿನವಿಡೀ ಮಾತಾಡೋ ಈ ಕಾಲದಲ್ಲಿ ಎಂಥ ಕಥೆ ಆಗಬಹುದಿತ್ತು! ಬರೆದವರಿಗೂ ಅದು ಹೊಳೆದಿತ್ತು ಅಂತ ಆಗಾಗ ಅನ್ನಿಸುತ್ತೆ. ಅವಳು ಒಂದು ಒಳ್ಳೆ ಮಾತು ಶುರು ಮಾಡುತ್ತಾಳೆ, ಅಷ್ಟರಲ್ಲಿ ಕ್ಯಾಮೆರಾ ಕತ್ತಿನಿಂದ ಕೆಳಗೆ ಜಾರುತ್ತೆ.

ಎರಡನೇ ಸೀಸನ್ ಹಾಕಿದೆ. ಸಿಕ್ಸ್ ಬಾಯಿ ತೆರೆದಳು, ದನಿ ಬೇರೆ. ಮೊದಲ ಸೀಸನ್ನಿನಲ್ಲಿ ಜೀನಾ ಗರ್ಶನ್, ಇದರಲ್ಲಿ ಕಾರ್ಮೆನ್ ಇಲೆಕ್ಟ್ರಾ, ಮೂರನೆಯದರಲ್ಲಿ ಜೆನ್ನಿ ಮೆಕಾರ್ಥಿ. ಮೈ ಮಾತ್ರ ಅದೇ. ಚೋಡ್‌ಗೆ ಮೂರೂ ಸೀಸನ್ ಸ್ಟೀಫನ್ ರೂಟ್ ಒಬ್ಬನೇ. ಆಗ ನಾವು ನಾಲ್ಕೂ ಜನ ಮೂರು ಸೀಸನ್ ನೋಡಿದ್ದೆವು, ದನಿ ಬದಲಾದದ್ದು ಒಬ್ಬನಿಗೂ ಗೊತ್ತಾಗಿರಲಿಲ್ಲ.